ರೋಹಿಣಿಯ ಕೂಸು ಮತ್ತು ಸೋದರಮಾವ ಶ್ರೀಶೈಲ

ಹಲಸಂಗಿಯ ಶ್ರೀಶೈಲನನ್ನು ನಾನು ಮೊದಲ ಸಲ ನೋಡಿದಾಗ ಅವನು ಅಂಗಿ ಬಿಚ್ಚಲು ನಾಚುತ್ತಿದ್ದ. ನಲವತ್ತರ ಗಂಡಸು, ನಿಂಬೆಹಣ್ಣಿನ ವ್ಯಾಪಾರಿ. ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತರೆ ಅವನ ದನಿ ರಸ್ತೆಯ ಆಚೆಗೂ ಕೇಳಿಸುತ್ತದಂತೆ. ನಮ್ಮ ವಾರ್ಡಿನ ಮೂಲೆಯಲ್ಲಿ ಮಾತ್ರ ಹೊಸ ಸೊಸೆಯ ಹಾಗೆ ಅಂಗಿಯ ಗುಂಡಿ ಹಿಡಿದು ನಿಂತಿದ್ದ. ಮುಂಗೈ ತುಂಬ ನಿಂಬೆಮುಳ್ಳು ಗೀರಿದ ಗುರುತು.

"ಎದಿ ಸ್ವಚ್ಛ ತೊಳಕೊಂಡ ಬಂದೇನ್ರಿ ಸಿಸ್ಟರ್," ಅಂದ. ಅಷ್ಟರಲ್ಲಿ ಅವನ ತಾಯಿ ಕಸ್ತೂರೆವ್ವ ನಡುವೆ ಬಂದು ಗೋಡೆಯಾಗಿ ನಿಂತಳು. "ನನ್ನ ಮಗಾ ಬ್ಯಾಡ್ರಿ. ಬ್ಯಾರೆ ಯಾರನ್ನರ ನೋಡ್ರಿ."

ನಾನು ನಸ್ರೀನ, ನರ್ಸು. ಇಂಡಿಯ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ನನ್ನದು. ಆ ವರ್ಷ ನಮ್ಮಲ್ಲಿ ಒಂದು ಸಂಶೋಧನೆ ನಡೆದಿತ್ತು. ಇಂಥ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿದರೆ ಅದು ಬೆಚ್ಚಗಿದ್ದು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ತಾಯಿಯೇ ಹಾಸಿಗೆ ಹಿಡಿದಿದ್ದರೆ? ಆಗ ಮನೆಯವರಲ್ಲಿ ಇನ್ನೊಬ್ಬರು ದಿನವೆಲ್ಲ ಎದೆಗೆ ಕಟ್ಟಿಕೊಂಡರೆ, ಕಾವಿನ ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕಿಂತ ಹೆಚ್ಚು ಗುಣ ಬರುತ್ತದೆಯೇ ಎಂದು ನಾವು ನೋಡುತ್ತಿದ್ದೆವು. ಯಾವ ಕೂಸು ಎದೆಗೆ, ಯಾವ ಕೂಸು ಪೆಟ್ಟಿಗೆಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹೇಳುತ್ತಿತ್ತು. ಈ ಕೂಸಿಗೆ ಎದೆ ಬಂದಿತ್ತು.

ಕೂಸು ಶ್ರೀಶೈಲನ ತಂಗಿ ಭಾಗ್ಯಜ್ಯೋತಿಯದು. ಏಳು ತಿಂಗಳು ತುಂಬುವಷ್ಟರಲ್ಲಿ ಅವಳಿಗೆ ಬಿ.ಪಿ. ಏರಿ, ಫಿಟ್ಸ್ ಬಂದು, ಹೆರಿಗೆಯಾದ ಕೂಡಲೇ ವಿಜಯಪುರಕ್ಕೆ ಸಾಗಿಸಿದ್ದರು. ಗಂಡ ಸಿದ್ಧರಾಮ ಸಂಶೋಧನೆಗೆ ಒಪ್ಪಿ ಸಹಿ ಹಾಕಿದವನೇ ಅವಳ ಹಿಂದೆ ಓಡಿದ. ಕಸ್ತೂರೆವ್ವನಿಗೆ ಕೆಮ್ಮು. ಕೆಮ್ಮುವವರ ಎದೆಗೆ ಕೂಸು ಕೊಡುವ ಹಾಗಿಲ್ಲ. ಉಳಿದವನು ಸೋದರಮಾವ ಶ್ರೀಶೈಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕಸ್ತೂರೆವ್ವನಿಗೆ ಅವನೊಬ್ಬನೇ ಮಗ.

ಕೂಸು ಹುಟ್ಟಿದ್ದು ರೋಹಿಣಿ ನಕ್ಷತ್ರದಲ್ಲಿ. ಪಂಚಾಂಗ ನೋಡಿದ ಅಯ್ಯನವರು ಫೋನಿನಲ್ಲೇ ಹೇಳಿಬಿಟ್ಟಿದ್ದರು: ರೋಹಿಣಿಯ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲ. ಮನೆಯಲ್ಲಿ ಶಾಂತಿ ಮಾಡಿಸುವ ತನಕ ಅವನು ಅದರ ಮುಖ ನೋಡಬಾರದು, ನೋಡಿದರೆ ಅವನ ಜೀವಕ್ಕೇ ಕುತ್ತು. ಕೂಸು ಬದುಕಿ ಮನೆಗೆ ಬಂದರೆ ತಾನೇ ಶಾಂತಿ!

ನನಗೆ ಪಿತ್ತ ನೆತ್ತಿಗೇರಿತು. "ಅವ್ವಾ, ನಕ್ಷತ್ರ ಮ್ಯಾಲ ಅದಾವು. ಕೂಸು ಇಲ್ಲಿ ಐತಿ, ಮುಷ್ಟಿ ಅಷ್ಟ ಐತಿ. ನಿಮಗ ಬ್ಯಾಡಾಗಿದ್ರ ಬ್ಯಾಡ ಅನ್ರಿ, ಪೆಟ್ಟಿಗ್ಯಾಗ ಇಡ್ತೇವಿ. ನಮ್ಮ ಒತ್ತಾಯೇನಿಲ್ಲ."

ಕಸ್ತೂರೆವ್ವ ಬಾಯಿ ತೆರೆಯುವ ಮೊದಲೇ ಶ್ರೀಶೈಲ ಅಂಗಿ ಬಿಚ್ಚಿದ. "ಮಾರಿ ನೋಡಬಾರ್ದು, ಅಷ್ಟ ಹೌದಲ್ಲೋ ಅವ್ವಾ? ಎದಿಗೆ ಕಟಗೋಬಾರ್ದು ಅಂತ ಯಾರೂ ಅಂದಿಲ್ಲಲ್ಲ." ವ್ಯಾಪಾರಿಯ ಬುದ್ಧಿ ನೋಡಿ! ಎಲ್ಲಿ ಸಂದು ಇದೆಯೋ ಅಲ್ಲಿ ನುಗ್ಗುತ್ತದೆ.

ಆದರೆ ನಮ್ಮದೂ ಒಂದು ನಿಯಮವಿತ್ತು, ಅದು ಅವರ ನಿಯಮಕ್ಕೆ ನೇರ ಎದುರು ನಿಂತಿತ್ತು. ಈ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತವೆ. ಅಳುವುದಿಲ್ಲ, ಒದರುವುದಿಲ್ಲ, ಸುಮ್ಮನೆ ನಿಂತುಬಿಡುತ್ತವೆ. ಎಚ್ಚರಿಸುವ ಯಂತ್ರ ಎರಡು ಮಂಚಕ್ಕೆ ಒಂದಿತ್ತು. ಹಾಗಾಗಿ ಎದೆಗೆ ಕಟ್ಟಿಕೊಂಡವರಿಗೆ ನಾವು ಮೊದಲು ಹೇಳುವ ಪಾಠ ಇದು: ಕೂಸಿನ ಮುಖದ ಮೇಲಿನ ಕಣ್ಣು ತೆಗೆಯಬೇಡಿ, ತುಟಿಯ ಬಣ್ಣ ನೋಡುತ್ತಿರಿ, ಉಸಿರು ನಿಂತರೆ ಬೆನ್ನು ತಿಕ್ಕಿ, ನಮ್ಮನ್ನು ಕೂಗಿ.

ಶ್ರೀಶೈಲ ಕುರ್ಚಿಗೆ ಒರಗಿ ಕೂತ. ನಾನು ಕೂಸನ್ನು ಅವನ ಎದೆಗೆ ಹಚ್ಚಿ ಬಟ್ಟೆ ಕಟ್ಟಿದೆ. ಅವನು ತಿರುಗುವ ಫ್ಯಾನನ್ನೇ ದಿಟ್ಟಿಸುತ್ತಿದ್ದ. ನಾನು ಇತ್ತ ತಿರುಗಿ ಅತ್ತ ನೋಡುವಷ್ಟರಲ್ಲಿ ಕಸ್ತೂರೆವ್ವ ಕೂಸಿನ ಮುಖದ ಮೇಲೆ ಕರವಸ್ತ್ರ ಹಾಕಿದ್ದಳು. ಕಿತ್ತು ಬಿಸಾಕಿದೆ. "ಇನ್ನೊಮ್ಮಿ ಹಾಕಿದ್ರ ನಾ ಮನಷ್ಯಾಳಲ್ಲ ನೋಡ್ರಿ!"

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಎದೆ ಮಗನದು, ಕಣ್ಣು ತಾಯಿಯದು. ಕಸ್ತೂರೆವ್ವ ಮಾಸ್ಕು ಹಾಕಿಕೊಂಡು ಪಕ್ಕದಲ್ಲೇ ಕೂತು ಮುಖ ಕಾಯಬೇಕು. ನಮ್ಮ ಡಾಕ್ಟರಮ್ಮ ಹುಬ್ಬೇರಿಸಿದರು. ಆದರೂ ಕೂಸಿನ ಮೈ ಬಿಸಿಯಾಗುತ್ತಿತ್ತು, ಕೊಳವೆಯಲ್ಲಿ ಕೊಟ್ಟ ಹಾಲು ದಕ್ಕುತ್ತಿತ್ತು, ಅವರೂ ಸುಮ್ಮನಾದರು. ಶ್ರೀಶೈಲ ಫ್ಯಾನಿನ ಕಡೆ ನೋಡುತ್ತಲೇ ಕೂಸಿನ ಕೂಡ ಮಾತಾಡುತ್ತಿದ್ದ. "ಇವತ್ತ ನಿಂಬಿಗೆ ಚಲೋ ರೇಟ್ ಬಂತವ್ವ. ನೀ ಬಂದ ಗಳಿಗಿ ಚಲೋ ಐತಿ ನೋಡು." ಕಸ್ತೂರೆವ್ವನಿಗೆ ಆ ಮಾತೂ ಸೇರುತ್ತಿರಲಿಲ್ಲ. ಕಾಯುವವಳ ಹಾಗೆ ಅಲ್ಲ, ಕಳ್ಳನ ಮೇಲೆ ನಿಗಾ ಇಟ್ಟವಳ ಹಾಗೆ ಕೂಸನ್ನು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಎದ್ದು ಹೋದಳು. ಮಗನ ಹಣೆಗೆ ಹಚ್ಚಲು ಲಚ್ಯಾಣದ ಮಠದ ಭಸ್ಮ ತರುವುದಕ್ಕೆ. ಮಗನನ್ನು ಕಾಪಾಡುವ ಅವಸರದಲ್ಲಿ ಮೊಮ್ಮಗಳನ್ನು ಕಾಯುವವರಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಯಂತ್ರ ಪಕ್ಕದ ಮಂಚದಲ್ಲಿತ್ತು, ನಾನು ಹೆರಿಗೆ ಕೋಣೆಯಲ್ಲಿದ್ದೆ. ಶ್ರೀಶೈಲ ಎಂದಿನಂತೆ ಫ್ಯಾನು ನೋಡುತ್ತಿದ್ದ.

ಎದೆಯ ಮೇಲಿನ ಸಣ್ಣ ಏರಿಳಿತ ನಿಂತದ್ದು ಅವನ ಚರ್ಮಕ್ಕೇ ತಿಳಿಯಿತಂತೆ. "ಅವ್ವಾ," ಅಂದ. "ಅವ್ವಾ, ಅದಿಯೇನ?" ಅವ್ವ ಇರಲಿಲ್ಲ. ಆಗ ಅವನು ಕತ್ತು ಬಗ್ಗಿಸಿ ನೋಡಿದ.

ಮಾರುಕಟ್ಟೆಯ ಆ ದನಿ ನಾನು ಕೇಳಿದ್ದು ಅದೊಂದೇ ಸಲ. "ಸಿಸ್ಟರ್!" ಎಂದು ಅವನು ಕೂಗಿದ್ದಕ್ಕೆ ಇಡೀ ವಾರ್ಡು ನಡುಗಿತು. ನಾನು ಓಡಿ ಬಂದಾಗ ಅವನು ಕೂಸಿನ ಬೆನ್ನು ತಿಕ್ಕುತ್ತಿದ್ದ, ತುಟಿಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಬಿಡಿಸಿಕೊಂಡು, ಮೂಗುಬಾಯಿಗೆ ಮಾಸ್ಕು ಒತ್ತಿ ಗಾಳಿ ಕೊಟ್ಟೆ. ಅಷ್ಟೂ ಹೊತ್ತು ಅವನು ಕಣ್ಣು ಮಿಟುಕಿಸದೆ ಕೂಸಿನ ಮುಖವನ್ನೇ ನೋಡುತ್ತಿದ್ದ. ಬಣ್ಣ ಮರಳಿತು. ಕೂಸು ಬೆಕ್ಕಿನ ಮರಿಯಷ್ಟು ಸಣ್ಣಗೆ ಅತ್ತಿತು. ಅವನೂ ಅತ್ತ.

ಬಾಗಿಲಲ್ಲಿ ಕಸ್ತೂರೆವ್ವನ ಕೆಮ್ಮು ಕೇಳಿಸಿತು. ಶ್ರೀಶೈಲ ತಟ್ಟನೆ ಮುಖ ಮೇಲೆತ್ತಿದ. ನಡೆದದ್ದು ಗೊತ್ತಾದ ಮೇಲೆ ಅವಳು ಕೂಸಿನ ಸುದ್ದಿ ಕೇಳಲಿಲ್ಲ. "ನೋಡಿದೇನ?" ಅಂದಳು.

"ಇಲ್ಲವ್ವಾ."

ಅವಳು ನನ್ನ ಕಡೆ ತಿರುಗಿದಳು. ನಾನು ಕೊಳವೆ ಸರಿಪಡಿಸುವ ನೆವ ಮಾಡಿದೆ.

ಆಮೇಲೆ ಅವನನ್ನು ಮರೆಗೆ ಕರೆದು ಬೈದೆ. ಇಷ್ಟು ದೊಡ್ಡ ಗಂಡಸು, ತಾಯಿಗೆ ಇಷ್ಟು ಹೆದರುವುದೇ? ಅವನು ತಲೆ ಅಲ್ಲಾಡಿಸಿದ. "ಅವ್ವಗಲ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಹುಟ್ಟಿದ ತಿಂಗಳದಾಗ ಅಕೀ ಅಪ್ಪ ಹೋದ. ಅವತ್ತಿಂದ ಎಲ್ಲಾರೂ ಅಪ್ಪನ್ನ ತಿಂದಾಕಿ ಅಂತಾರ. ಈಗ ಮುದುಕಿ ಆಗ್ಯಾಳ. ಅಕೀ ಖರೇ ಹೆಸರ ನನಗೂ ಗೊತ್ತಿಲ್ರಿ." ಅಂಗಿಯ ಗುಂಡಿ ಹಾಕಿಕೊಂಡ. "ನಾ ಇವತ್ತಲ್ಲ ನಾಳಿ ಸಾಯಾಂವನ. ಯಾವಾಗ ಸತ್ರೂ ಅದು ಈ ಕೂಸಿನ ತಲಿಮ್ಯಾಲ ಬರತೈತಿ. ನಾ ನೋಡೇ ಇಲ್ಲ ಅಂದ್ರ ಬರಂಗಿಲ್ಲ."

ಮೈ ಜುಮ್ಮೆಂದಿತು. ನಕ್ಷತ್ರಕ್ಕಲ್ಲ, ಆ ಹೆಸರಿಲ್ಲದ ಮುದುಕಿಗೆ.

ಕೂಸು ಬದುಕಿತು. ತಾಯಿಯೂ ಉಳಿದು ಬಂದಳು. ಸಂಶೋಧನೆಯ ಭಾಗವಾಗಿ ಕೂಸನ್ನು ತೂಗಿ ನೋಡಲು ನಾನು ಹಲಸಂಗಿಗೆ ಹೋದ ದಿನವೇ ಅವರ ಮನೆಯಲ್ಲಿ ಶಾಂತಿ. ಕಾವೇರಿ ಎಂದು ಹೆಸರಿಟ್ಟಿದ್ದರು. ಬಟ್ಟಲಲ್ಲಿ ಎಣ್ಣೆ ಹಾಕಿ, ಕೂಸನ್ನು ಅದರ ಮೇಲೆ ಹಿಡಿದು, ಸೋದರಮಾವ ಮೊದಲು ಎಣ್ಣೆಯಲ್ಲಿ ಅದರ ಮುಖ ನೋಡಬೇಕು. ಓಣಿಯೆಲ್ಲ ಸೇರಿತ್ತು. ಶ್ರೀಶೈಲ ಬಗ್ಗಿದ. "ಹೊಯ್, ನಮ್ಮವ್ವನಂಗ ಮೂಗ ಐತಲ್ಲೋ!" ಎಂದು ಹೊಸದಾಗಿ ಕಂಡವನಂತೆ ಬೆರಗುಪಟ್ಟ. ಎಲ್ಲರೂ ನಕ್ಕರು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದದ್ದು ನನಗೊಬ್ಬಳಿಗೆ ಕಂಡಿತು.

ಅಲ್ಲಿಂದಾಚೆ ಅವನು ಗಾಜಿನ ಸಾಮಾನು ಹೊತ್ತವನ ಹಾಗೆ ಬದುಕಿದ. ಬೈಕು ಮಾರಿದ. ಬೀಡಿ ಬಿಟ್ಟ. ನಿಂಬೆ ಲಾರಿಯ ಮೇಲೆ ಕೂತು ಹೋಗುವುದನ್ನು ನಿಲ್ಲಿಸಿದ. ಮಾರುಕಟ್ಟೆಯಲ್ಲಿ ಗೆಳೆಯರು ಅಂಜುಬುರುಕ ಎಂದು ಗೇಲಿ ಮಾಡಿದರೆ ಹಲ್ಲು ಕಿಸಿಯುತ್ತಿದ್ದ. ಆಗಾಗ ನಮ್ಮಲ್ಲಿಗೆ ಬಂದು ಬಿ.ಪಿ. ನೋಡಿಸುತ್ತಿದ್ದ. "ಇನ್ನ ಎಷ್ಟ ವರ್ಷ ನಡೀತೈತ್ರಿ ಗಾಡಿ?" ಎಂದು ಕೇಳುತ್ತಿದ್ದ. ನಾನೂ, ನಕ್ಷತ್ರಗಳನ್ನು ನಂಬದವಳು, ಹಲಸಂಗಿ ರಸ್ತೆಯಲ್ಲಿ ಅಪಘಾತ ಎಂದು ಸುದ್ದಿ ಬಂದರೆ ಮೊದಲು ಹೆಸರು ಕೇಳುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಅವನನ್ನು ಎದೆನೋವೆಂದು ಹೊತ್ತು ತಂದರು. ಮುಖ ಮಣ್ಣಿನ ಬಣ್ಣವಾಗಿತ್ತು. ಅವನ ತಂದೆ ರೇವಪ್ಪನೂ ಇದೇ ವಯಸ್ಸಿನಲ್ಲಿ, ಇದೇ ನೋವಿನಿಂದ ಹೋದದ್ದಂತೆ. ಡಾಕ್ಟರು ಕೇಳಿದ್ದಕ್ಕೆ ಕಸ್ತೂರೆವ್ವನೇ ಹೇಳಿದಳು, ಹೇಳಿಯೂ ಅವಳಿಗೆ ಅದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಗುಳಿಗೆ ಕೊಟ್ಟು ಅಂಬುಲೆನ್ಸಿಗೆ ಏರಿಸುವಾಗ ಶ್ರೀಶೈಲ ನನ್ನ ಮಣಿಕಟ್ಟು ಹಿಡಿದ. "ನೋಡಿಲ್ಲ ಅನ್ರಿ," ಅಂದ. ಅಷ್ಟೇ.

ಗಾಡಿ ವಿಜಯಪುರದ ಕಡೆ ಹೊರಟಿತು. ಮೂರು ವರ್ಷದ ಕಾವೇರಿ ಅಜ್ಜಿಯ ಸೀರೆ ಹಿಡಿಯಲು ಬಂದಳು. ಕಸ್ತೂರೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಕೂಸಿನ ಮುಖವನ್ನು ಅದೇ ಹಳೆಯ ನೋಟದಿಂದ ನೋಡಿದಳು.

"ಸಿಸ್ಟರ್, ಅವತ್ತ ನನ್ನ ಮಗಾ ನೋಡಿದ್ನೋ ಇಲ್ಲೋ?"

"ಇಲ್ಲವ್ವಾ."

"ನಿಮಗ ಮಗಾ ಅದಾನಲ್ಲ? ಅವನ ಮ್ಯಾಲ ಆಣಿ ಮಾಡಿ ಹೇಳ್ರಿ."

ಆಣೆಗೆ ನಾನು ನಗುವವಳು. ಅವತ್ತು ಮಾತ್ರ ನಗು ಬರಲಿಲ್ಲ. ಕಾವೇರಿ ನಮ್ಮಿಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು. "ನನ್ನ ಮಗ ಅಬ್ದುಲಗನಿ ಆಣಿ," ಅಂದೆ. "ಶ್ರೀಶೈಲಣ್ಣ ಕೂಸಿನ ಮಾರಿ ನೋಡಿಲ್ಲ. ನಾ ಅಲ್ಲೇ ಇದ್ದೆ."

ಕಸ್ತೂರೆವ್ವ ಬೆಂಚಿನ ಮೇಲೆ ಕುಸಿದು ಕೂತು, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, ಸೆರಗು ಹೊದಿಸಿ ಅಳತೊಡಗಿದಳು.

ನಾನು ವಾರ್ಡಿಗೆ ಬಂದು, ಬಾಗಿಲು ಹಾಕಿಕೊಂಡು, ಮಗನ ಶಾಲೆಗೆ ಫೋನು ಮಾಡಿದೆ.