ಬಿಸಿ ಮರೆತ ಬೆರಳು

ಅರಸೀಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಆಶಾರಾಣಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಮ್ಮ ಕೈ ಮೆಷಿನ್ನಿನ ಮೂತಿಗೆ ಅಂಟಿದ ಕಲ್ಲಿನ ಪುಡಿ ಉಜ್ಜುತ್ತಿದ್ದಾರೆ. ಒಳಗೆ ಗಂಡ ಬಸವಕುಮಾರ್ ಕೊಳಗ ಜೋಡಿಸುತ್ತಿದ್ದಾರೆ. ಪುಡಿಯೆಲ್ಲ ಹೋದ ಮೇಲೆ ಆಕೆ ಟೀ ಲೋಟಕ್ಕೆ ಒಂದೊಂದೇ ಬೆರಳು ಒತ್ತಿ ನೋಡುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಲೋಟವನ್ನು ಕೆನ್ನೆಗೆ ತಾಗಿಸಿ ಚಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೆನ್ನೆಗೆ ಗೊತ್ತಾದ ಬಿಸಿ ಬೆರಳಿಗೆ ಗೊತ್ತಾಗಿಲ್ಲ.

ಕರೆಂಟಿನಲ್ಲಿ ಗಿರ್ರನೆ ತಿರುಗುವ, ಸೌತೆಕಾಯಿ ಗಾತ್ರದ ಆ ಮೆಷಿನ್ನೇ ಇವರ ಅನ್ನ. ಮೂತಿಗೆ ಸಿಕ್ಕಿಸುವ ಮೊನೆ, ಅಂದರೆ ಬಿಟ್, ಬದಲಿಸಿದರೆ ಕೆಲಸವೂ ಬದಲಾಗುತ್ತದೆ. ಮದುವೆಯ ಪಾತ್ರೆಗಳಿಗೆ ಹೆಸರು ಕೊರೆಯುತ್ತಾರೆ, ತೆಂಗಿನ ಚಿಪ್ಪಿನ ಸೌಟು ನಯ ಮಾಡುತ್ತಾರೆ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆಯ ಬಿಗಿಯಾದ ಮುಚ್ಚಳ ಸಡಿಲಿಸುತ್ತಾರೆ, ಹಳೇಬೀಡಿನ ಅಂಗಡಿಗಳಿಂದ ಬರುವ ಮುಕ್ಕಾದ ಕಲ್ಲಿನ ಗೊಂಬೆಗಳನ್ನು ತಿದ್ದುತ್ತಾರೆ. ಮದುವೆಯ ಕಾಲದಲ್ಲಿ ದಿನಕ್ಕೆ ಮೂವತ್ತು ನಲವತ್ತು ಪಾತ್ರೆ ಇವರ ಕೈ ದಾಟುತ್ತವೆ.

"ಸ್ಟೀಲಿಗೆ ಹೆದರಬಾರದು, ಒತ್ತಿ ಹಿಡೀಬೇಕು. ಬಳಪದ ಕಲ್ಲಿಗೆ ಒತ್ತಿದ್ರೆ ಮುಗೀತು, ಗಣಪತಿ ಸೊಂಡ್ಲು ಕೈಗೇ ಬತ್ತದೆ. ಚಿಪ್ಪು ಸುಟ್ಟ ವಾಸ್ನೆ ಕೊಟ್ಟು ಹೇಳ್ತದೆ, ಸಾಕು ಬಿಡು ಅಂತ. ಪ್ಲಾಸ್ಟಿಕ್ಕೊಂದು ಹಟಮಾರಿ, ಕರಗಿ ಬಿಟ್ಟಿಗೇ ಮೆತ್ಕೋತದೆ," ಎನ್ನುತ್ತಾರೆ ಆಶಾರಾಣಿ.

ಮಾದಿಹಳ್ಳಿಯಿಂದ ಇವರು ಸೊಸೆಯಾಗಿ ಬಂದಾಗ ಈ ಕಟ್ಟೆಯಲ್ಲಿ ಮಾವ ಕೂತು ಉಳಿ ಸುತ್ತಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುತ್ತಿದ್ದರು. ಅವರ ಕಣ್ಣು ಮಂಜಾದಾಗ ಮೆಷಿನ್ ತರಿಸಿ ಸೊಸೆಯ ಕೈಗೆ ಕೊಟ್ಟರು. ಅಂದಿನಿಂದ ಅದರ ನಡುಕ ಇವರ ಎರಡೂ ಕೈಗಳಿಗೆ ಇಳಿಯುತ್ತಲೇ ಇದೆ. ಈಗೀಗ ಚಳಿಯ ಬೆಳಗಿನಲ್ಲಿ ಬೆರಳ ತುದಿ ಸುಣ್ಣದಂತೆ ಬೆಳ್ಳಗಾಗುತ್ತದೆ, ಮರಗಟ್ಟುತ್ತದೆ. ಕೆಲವು ತಿಂಗಳು ಮೆಷಿನ್ ಮುಟ್ಟಬೇಡಿ ಎಂದಿದ್ದಾರೆ ಡಾಕ್ಟರು.

"ಬೆರಳಿಗೆ ರಜಾ ಕೊಟ್ರೆ ಹೊಟ್ಟೆಗೂ ರಜಾನೇ," ಎಂದು ಆಶಾರಾಣಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. "ಪಾತ್ರೆಗೆ ಬಿಸಿ ತಾಗಿದ್ರೆ ಅದೇನೂ ಅಳಲ್ಲ. ಮನುಷ್ಯರ ಮೈ ಹಂಗಲ್ಲ."

ಊದಿದ ಬೆರಳಿನಲ್ಲಿ ಸಿಕ್ಕಿಕೊಂಡ ಉಂಗುರ ಕತ್ತರಿಸಿಕೊಡಲು ಜನ ಇವರಲ್ಲಿಗೇ ಬರುತ್ತಿದ್ದರು. ಕತ್ತರಿಸುವಾಗ ಲೋಹ ಕಾಯುತ್ತದೆ. ಅದನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿಯೇ ಮುಂದುವರಿಯಬೇಕು. ಆ ಕೆಲಸವನ್ನು ಈ ಚಳಿಗಾಲದಿಂದ ಬಿಟ್ಟಿದ್ದಾರೆ.

ಇವತ್ತು ಜಾವಗಲ್ಲಿನ ಮೊದಲ ಬಸ್ಸಿನಿಂದ ಇಳಿದ ಬೋರಮ್ಮನಿಗೆ ಅದು ಗೊತ್ತಿಲ್ಲ. ಜೊತೆಗೆ ಏಳು ತಿಂಗಳ ಬಸುರಿ ಸೊಸೆ ಹೇಮಾಶ್ರೀ. ಕಾಲು ಊದಿ, ಕಾಲುಂಗುರ ಮಾಂಸದೊಳಕ್ಕೆ ಹೂತುಹೋಗಿದೆ.

"ಸೋಪು ಹಚ್ಚಿದ್ವಿ, ಎಣ್ಣೆ ಹಚ್ಚಿದ್ವಿ, ಜಪ್ಪಯ್ಯ ಅನ್ನಲಿಲ್ಲ ಕಣವ್ವ. ನರ್ಸಮ್ಮ ನಿಮ್ಮತ್ರ ಹೋಗಿ ಅಂದ್ರು."

"ನಾನೀಗ ಆ ಕೆಲ್ಸ ಮಾಡ್ತಿಲ್ಲ ಅಮ್ಮ. ಹಾಸನಕ್ಕೆ ಕರ್ಕೊಂಡೋಗಿ."

"ಅಷ್ಟೊತ್ಗೆ ಬೆರಳೇ ಹೋಯ್ತದೆ. ನೋಡಿ, ಎಂಗೆ ನೀಲಿ ಕಟ್ಟೈತೆ!"

"ಆಗಲ್ಲ ಅಂದ್ಬಿಡೇ," ಎನ್ನುತ್ತಾರೆ ಒಳಗಿನಿಂದ ಬಸವಕುಮಾರ್.

"ನೀವು ಸುಮ್ಕಿರಿ. ಹಾಸನಕ್ಕೆ ಹೋಗೋವರ್ಗೂ ಆ ಬೆರಳು ತಡೀತದೇನ್ರೀ?" ಎಂದು ಗಂಡನನ್ನು ಗದರಿ ಆಶಾರಾಣಿ ಮೆಷಿನ್ನಿಗೆ ಕತ್ತರಿಸುವ ದುಂಡು ಬಿಲ್ಲೆ ಸಿಕ್ಕಿಸುತ್ತಾರೆ.

ಬೋರಮ್ಮ ಮೊದಲು ಸೊಸೆಯ ಪಕ್ಕದ ಬೆರಳಿಗೆ ಅರಿಶಿನದ ದಾರ ಕಟ್ಟುತ್ತಾರೆ. "ಮುತ್ತೈದೆ ಕಾಲು ಬರಿದಾಗಬಾರ್ದು. ಕಾಲುಂಗ್ರ ತೆಗೆಯೋವಾಗ ಬಾಯಿಂದ ನೋವು ಅನ್ನೋ ಮಾತೂ ಬರಬಾರ್ದು, ನಮ್ಮನೇಲಿ ಹಂಗೇ. ಹೊಟ್ಟೇಲಿ ಮಗ ಐತೆ, ಬಾಯಿ ಬಿಟ್ಟೀಯ ಜೋಕೆ." ಹೇಮಾಶ್ರೀ ಸೆರಗು ಕಚ್ಚಿಕೊಳ್ಳುತ್ತಾಳೆ. ಬೋರಮ್ಮ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ.

"ನನ್ ಬೆರಳಿಗೆ ಬಿಸಿ ತಿಳಿಯಲ್ಲ ತಾಯಿ," ಎಂದು ಆಶಾರಾಣಿ ಮೊದಲೇ ಹೇಳುತ್ತಾರೆ. "ಕಾದ್ರೆ ನೀನೇ ಹೇಳ್ಬೇಕು." ಅರದಿಂದ ತೆಳ್ಳಗೆ ಮಾಡಿದ ತಗಡಿನ ಚೂರನ್ನು, ಚರ್ಮ ಕೊಯ್ಯದಿರಲೆಂದು, ಉಂಗುರದ ಅಡಿಗೆ ತೂರಿಸುತ್ತಾರೆ. ಮೆಷಿನ್ ಜುಂಯ್ ಎನ್ನುತ್ತದೆ, ಬಿಲ್ಲೆ ಬೆಳ್ಳಿಯನ್ನು ಕಚ್ಚುತ್ತದೆ. ನಿಲ್ಲಿಸುತ್ತಾರೆ, ಹತ್ತಿಯಿಂದ ನೀರು ಹಿಂಡುತ್ತಾರೆ, ಉಂಗುರದ ಮೇಲೆ ತೋರುಬೆರಳಿಟ್ಟು ನೋಡುತ್ತಾರೆ. ಏನೂ ತಿಳಿಯುವುದಿಲ್ಲ. ಇನ್ನೊಂದಿಷ್ಟು ಕೊಯ್ಯುತ್ತಾರೆ. ಅರ್ಧ ಉಂಗುರ ಬಾಕಿಯಿದೆ. ತಲೆಯೆತ್ತಿದರೆ ಹುಡುಗಿಯ ಕಣ್ಣಲ್ಲಿ ನೀರು. ಅದು ಹೆದರಿಕೆಯದೋ, ಉರಿಯದೋ?

"ಬಿಸಿ ಆಗ್ತೈತಾ?"

ಸೆರಗು ಹಲ್ಲಿನಿಂದ ಸಡಿಲುವುದಿಲ್ಲ. ಬೋರಮ್ಮ ಕಣ್ಣು ತೆರೆಯುವುದಿಲ್ಲ. ಆಶಾರಾಣಿ ಮೆಷಿನ್ನನ್ನು ಕಾಲಿನಿಂದ ದೂರ ಎತ್ತಿ ಹಿಡಿದು, ಬಾಗಿ, ಮೆಲ್ಲಗೆ ಕೇಳುತ್ತಾರೆ.

"ಬಾಯಿ ಬಿಡೋದು ಬ್ಯಾಡ, ತಲೆಯಾದ್ರೂ ಆಡ್ಸು ತಾಯಿ."