ಓರ್ಫಮ್ಮನ ಪಕ್ಷಕ್ಕೆ ಇನ್ನೊಂದು ವೋಟು

ನಮ್ಮ ಉತ್ತರ ಡಕೋಟಾದಲ್ಲಿ ಮತದಾರರಾಗಿ ಹೆಸರು ನೋಂದಾಯಿಸುವ ಪದ್ಧತಿಯೇ ಇಲ್ಲ. ಬೂತಿನಲ್ಲಿ ಕೂತವರು ಮುಖ ನೋಡಿ, 'ಇವನು ನಮ್ಮವನೇ' ಎಂದರೆ ಚೀಟಿ ಕೈಗೆ ಬರುತ್ತದೆ. ನಮ್ಮ ಊರಿನಲ್ಲಿ ಮುಖದಷ್ಟೇ ವೋಟಿನ ಗುರುತೂ ಎಲ್ಲರಿಗೂ ಇತ್ತು. ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಊರಿಗೆ ಊರೇ ರಿಪಬ್ಲಿಕನ್, ಒಂದೇ ಒಂದು ವೋಟು ಡೆಮಾಕ್ರಾಟ್. ಆ ಒಂದು ಓರ್ಫಾ ಟ್ವೈಟ್ ಅವರದು.

ಓರ್ಫಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದರು. ಹಿಮಗಾಳಿ ಎದ್ದರೆ ಬಸ್ಸನ್ನು ಯಾವುದಾದರೂ ತೋಟದ ಮನೆಗೆ ತಿರುಗಿಸಿ, ಗಾಳಿ ಇಳಿಯುವವರೆಗೆ ನಮಗೆಲ್ಲ ಇಸ್ಪೀಟು ಕಲಿಸುತ್ತಿದ್ದರು. ನನಗೆ ಬರುವ ಒಂದೇ ವಿದ್ಯೆ ಅವರು ಕಲಿಸಿದ್ದು, ಅದರಲ್ಲೂ ಸೋಲುತ್ತೇನೆ.

"ಓರ್ಫಾ, ನಿಮ್ಮ ಪಕ್ಷದ ಮೀಟಿಂಗ್ ಎಲ್ಲಿ? ಕನ್ನಡಿ ಮುಂದೇನಾ?" ಎಂದು ಆರ್ನಿ ಸ್ಟೂರ್ಲಿ ಪ್ರತಿ ಸಲ ಕೆಣಕುತ್ತಿದ್ದ.

"ಹೌದಪ್ಪ. ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಾರೆ."

ಆರ್ನಿ ಊರಿನ ರಿಪಬ್ಲಿಕನ್ ಮುಖಂಡ. ನಾನು ಗೋಧಿ ಎತ್ತಿಹಾಕುವ ಗೋದಾಮಿನ ಯಜಮಾನನೂ ಅವನೇ. ೧೯೮೪ರ ಚುನಾವಣೆಯಲ್ಲಿ ನನ್ನ ಮನಸ್ಸು ಯಾಕೋ ಡೆಮಾಕ್ರಾಟ್ ಕಡೆ ವಾಲಿತು. ಹೇಗೂ ಡೆಮಾಕ್ರಾಟ್ ವೋಟೆಂದರೆ ಓರ್ಫಮ್ಮನದೆಂದೇ ಎಲ್ಲರೂ ತಿಳಿಯುತ್ತಾರೆ, ಅವರ ಸೆರಗಿನ ಹಿಂದೆ ಅಡಗಿದರಾಯಿತು ಎಂದುಕೊಂಡೆ. ಒಂದಕ್ಕೆ ಒಂದು ಸೇರಿದರೆ ಎರಡಾಗುತ್ತದೆ ಎಂಬುದು ಈ ಮಹಾಬುದ್ಧಿವಂತನಿಗೆ ಹೊಳೆದದ್ದು ಚೀಟಿ ಪೆಟ್ಟಿಗೆಯೊಳಗೆ ಬಿದ್ದ ಮೇಲೆ.

ಸಂಜೆ ಊರಿನ ಸಭಾಭವನದಲ್ಲಿ ಎಲ್ಲರೆದುರಿಗೇ ಎಣಿಕೆ ಮುಗಿಯಿತು. "ಡೆಮಾಕ್ರಾಟ್, ಎರಡು," ಎಂದು ಬೂತಿನವರು ಓದಿದರು. ಆರ್ನಿ ಎದ್ದ.

"ಯಾರಪ್ಪಾ ಅದು ಎರಡನೇದು?" ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನನ್ನಲ್ಲಿಗೆ ಬಂದು ನಿಂತ. "ಏನೋ ವೆಂಡೆಲ್, ಮುಖ ಕೆಂಪಗಾಗಿದೆ?"

"ಕಾಫಿ... ತುಂಬಾ ಬಿಸಿ," ಎಂದೆ. ಕೈಯಲ್ಲಿದ್ದ ಲೋಟ ಖಾಲಿಯಿತ್ತು. ಕೆಲಸ ಹೋಯಿತೆಂದೇ ಲೆಕ್ಕ.

ಅಷ್ಟರಲ್ಲಿ ಓರ್ಫಮ್ಮ ಕೆಟಲು ಹಿಡಿದು ನಡುವೆ ಬಂದರು. ಏನೂ ಆಗಿಲ್ಲವೆಂಬಂತೆ ನನ್ನ ಲೋಟ ತುಂಬಿಸಿದರು.

"ಕೂತ್ಕೋ ಆರ್ನಿ. ಇಷ್ಟು ವರ್ಷ ಈ ಊರಲ್ಲಿ ಒಂಟಿಯಾಗಿ ನಿಮ್ಮ ಗೇಲಿ ಕೇಳ್ದೋಳು ನಾನು. ಅದ್ಯಾರು ಅಂತ ಕೇಳೋ ಹಕ್ಕು ಯಾರಿಗಾದ್ರೂ ಇದ್ರೆ ಅದು ನಂಗೆ. ನಾನೇ ಕೇಳ್ತಿಲ್ಲ, ನಿಂದೇನು?"

ಯಾರೋ ಕಿಸಕ್ಕೆಂದರು. ಇಡೀ ಭವನ ನಕ್ಕಿತು. ಆರ್ನಿ ಗೊಣಗುತ್ತಾ ಕೂತ. ರಾಜ್ಯ ಎಂದಿನಂತೆ ರಿಪಬ್ಲಿಕನ್ನರ ಪಾಲಾಯಿತೆಂದು ರೇಡಿಯೋ ಹೇಳುತ್ತಿತ್ತು. ಅದು ಯಾರಿಗೂ ಸುದ್ದಿಯೇ ಅಲ್ಲ.

ಹೊರಗೆ ಓರ್ಫಮ್ಮನ ಪಿಕಪ್ ಗಾಡಿಯ ಗಾಜಿನ ಮೇಲಿನ ಮಂಜು ಕೆರೆದುಕೊಟ್ಟೆ. ಎಲ್ಲಿಂದಲೋ ಧೈರ್ಯ ಬಂತು. "ಓರ್ಫಮ್ಮ, ಆ ಎರಡನೇ ವೋಟು..."

"ಬಾಯಿ ಮುಚ್ಚು, ಮಗಾ. ನೀನು ಹೆಸರು ಹೇಳ್ಬಿಟ್ರೆ ನಂಗೆ ಸಿಗೋದು ಒಬ್ಬ. ಹೇಳದೇ ಇದ್ರೆ, ನಾಳೆಯಿಂದ ಎದುರಿಗೆ ಬಂದೋರನ್ನೆಲ್ಲ ನೋಡಿ 'ಇವ್ರೇ ಇರ್ಬೋದಾ' ಅಂದ್ಕೋತೀನಿ. ಆರ್ನಿನೂ ಸೇರಿ."

ಬಾಗಿಲಿಗೆ ಬೀಗ ಹಾಕುತ್ತಿದ್ದ ಆರ್ನಿಗೆ ಅವರು ಹಾರ್ನ್ ಹೊಡೆದು, ಹಳೆಯ ಗೆಳೆಯನಿಗೆ ಬೀಸುವಂತೆ ಕೈಬೀಸಿದರು. ಅವನು ಅರ್ಥವಾಗದೆ ಒಂದು ಗಳಿಗೆ ನಿಂತು, ಆಮೇಲೆ ತಾನೂ ಕೈಯೆತ್ತಿದ.