ಅಪ್ಪನ ಕಣ್ಣಿಗೆ ಕಂಡ ಕೆಂಪು ಚುಕ್ಕಿ

ನಮ್ಮಪ್ಪ ದ್ಯಾವಯ್ಯ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ನಿವೃತ್ತರಾಗಿ ಅರಕಲಗೂಡಿಗೆ ಬಂದು ಶುಂಠಿ ಹಾಕಿದರೂ ಜೀವವೆಲ್ಲ ಏರ್ ರೈಫಲ್ಲಿನ ಮೇಲೇ. ಹಾಸನದಲ್ಲಿ ಮಾಜಿ ಸೈನಿಕರು ವರ್ಷಕ್ಕೊಮ್ಮೆ ನಡೆಸುವ ಗುರಿ ಪಂದ್ಯದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. 2003ರಲ್ಲಿ ಮಾತ್ರ ಗುಂಡುಗಳೆಲ್ಲ ದಿಕ್ಕಾಪಾಲಾದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಪ್ಪ ರೈಫಲ್ಲಿನ ತುದಿಯಲ್ಲಿರುವ, ಗುರಿ ಹಿಡಿಯುವ ಕಬ್ಬಿಣದ ಮೊನೆಯನ್ನು ಬೈದರು. ಮುಂದಿನ ಸಲವೂ ಹೀಗಾದರೆ ಇನ್ನು ರೈಫಲ್ ಮುಟ್ಟುವುದಿಲ್ಲ ಎಂದರು. ಕನ್ನಡಕದ ಮಾತೆತ್ತಿದರೆ ಮೂಗಿನ ತುದಿಯಲ್ಲೇ ಕೋಪ. ಆ ಹಟದಲ್ಲಿ ಅರ್ಧ ನನಗೂ ಬಂದಿದೆ, ಬಿಡಿ.

ಕೊನೆಗೆ ಹಾಸನದ ಬಸವರಾಜು ಅವರ ಬಂದೂಕಿನ ಅಂಗಡಿಗೆ ಹೋದೆವು. ಅವ್ವ ಮಲ್ಲಿಗಮ್ಮನೂ ಜೊತೆಗಿದ್ದಳು. ಬಸವರಾಜು ಆ ಮೊನೆಯ ಬದಲಿಗೆ ರೈಫಲ್ಲಿನ ಮೇಲೆ ಕೂರಿಸುವ ಎರಡು ಸಾಮಾನು ಮುಂದಿಟ್ಟರು. ಒಂದು ರೆಡ್ ಡಾಟ್: ಗಾಜಿನಲ್ಲಿ ಮೂಡುವ ಕೆಂಪು ಚುಕ್ಕಿಯನ್ನು ಗುರಿಯ ಮೇಲೆ ಕೂರಿಸಿ ಟ್ರಿಗರ್ ಎಳೆದರಾಯಿತು. ಇನ್ನೊಂದು ದುರ್ಬೀನಿನಂಥ ಸ್ಕೋಪು: ಒಳಗೆ ಕೊರೆದ ಗೆರೆಗೆ ಬೆಳಕು, ನೋಡುವವರ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳಲು ಹಿಂದೊಂದು ಬಳೆ.

ಅಪ್ಪನ ಮನಸ್ಸು ರೆಡ್ ಡಾಟ್ ಮೇಲೆ. ಕಣ್ಣಿಟ್ಟು ನೋಡಿ ಮುಖ ಗಂಟಿಕ್ಕಿದರು. ಚುಕ್ಕಿ ಚದುರಿದೆ, ಮಾಲು ಕೆಟ್ಟಿದೆ ಎಂದರು. ಬಸವರಾಜು ಬೇರೊಂದು ತೆಗೆದುಕೊಟ್ಟರು. ಅದೂ ಚದುರಿತ್ತಂತೆ. ನಾನು ನೋಡಿದೆ, ಚೊಕ್ಕವಾಗಿತ್ತು. ಹೇಳಲು ಧೈರ್ಯ ಬರಲಿಲ್ಲ. ಅವ್ವನಿಗೆ ಆ ಅಂಜಿಕೆಯಿಲ್ಲ, ತಾನೂ ಇಣುಕಿ ನೋಡಿದಳು.

"ಒಂದೇ ಚುಕ್ಕಿ ಕಣಯ್ಯ. ದುಂಡಗೈತೆ," ಎಂದಳು.

ಕೆಲವರ ಕಣ್ಣಿಗೆ ಈ ಬೆಳಕು ಹರಡಿ ಕಾಣುತ್ತದೆ, ಡಾಕ್ಟರಿಗೆ ತೋರಿಸಿ ಎಂದು ಬಸವರಾಜು ಮೆಲ್ಲಗೆ ಹೇಳಿದರು. ಅಪ್ಪ ರೇಗುತ್ತಾರೆಂದು ಕಾದೆ. ಅವರು ಅವ್ವನ ಹಣೆಯನ್ನೇ ನೋಡುತ್ತಿದ್ದರು.

"ಅಂಗಾರೆ ನಿನ್ನ ಬೊಟ್ಟೂ ನೆಟ್ಟಗೇ ಇತ್ತಾ?"

ಅವ್ವನಿಗೆ ಅರ್ಥವಾಗಲಿಲ್ಲ. ಅಪ್ಪ ತಡವರಿಸುತ್ತಾ ಹೇಳಿದರು. ವರ್ಷದಿಂದಲೂ ಅವಳ ಕುಂಕುಮ ಕದಡಿದಂತೆ ಕಾಣುತ್ತಿತ್ತಂತೆ. ಪಾಪ, ಕೈ ನಡುಗುತ್ತಿದೆ, ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಬಾಯಿ ಮುಚ್ಚಿಕೊಂಡಿದ್ದರಂತೆ. ಕೊಡಪಾನ ಎತ್ತಲು ಬಿಡದೆ ನೀರೆಲ್ಲ ತಾವೇ ತರುತ್ತಿದ್ದದ್ದು ಅದಕ್ಕೇ. ಮುದುಕನಿಗೆ ಈಗ ಪ್ರೀತಿ ಉಕ್ಕಿದೆ ಎಂದು ನಾವು ಆಡಿಕೊಂಡಿದ್ದೆವು. ನನಗೆ ಅಳುವೇ ಬಂತು.

ಸ್ಕೋಪನ್ನೇ ಎತ್ತಿಡಿ, ಕಣ್ಣು ತೋರಿಸಿಕೊಂಡು ಬಂದು ಒಯ್ಯುತ್ತೇನೆ ಎಂದು ಅಪ್ಪ ಬಸವರಾಜು ಅವರಿಗೆ ಹೇಳಿ ಮೆಟ್ಟಿಲಿಳಿದರು. ಪಂದ್ಯಕ್ಕೆ ಕನ್ನಡಕ ಹಾಕುತ್ತೀರಾ ಎಂದು ಕೇಳಿದೆ.

"ಪಂದ್ಯ ಆಮ್ಯಾಕೆ ಕಣವ್ವ," ಎಂದರು. "ಮೊದಲು ನಿಮ್ಮವ್ವನ ಮೊಕ ನೋಡ್ಬೇಕು."